ಅಟ್ಟದಿಂದ ಬಿದ್ದದ್ದು

ಹಾಸನ
29 ಜೂನ್ 2025, ಭಾನುವಾರ

ಅಣ್ಣ,

ಈ ಪತ್ರವನ್ನು ಎರಡು ಸಲ ಬರೆದು ಎರಡು ಸಲವೂ ಹರಿದೆ. ಎರಡರಲ್ಲೂ ಮಳೆ, ಅವ್ವನ ಮಂಡಿನೋವು, ಮಗಳು ಧನ್ಯಾಳ ಕಾಲೇಜು ಎಲ್ಲ ಇದ್ದವು. ಬರೆಯಲೆಂದು ಕೂತ ಮಾತು ಮಾತ್ರ ಇರಲಿಲ್ಲ. ಅದನ್ನು ಬಿಟ್ಟೇಬಿಡೋಣ ಎಂದುಕೊಂಡಿದ್ದೆ. ಈಗ ಅದನ್ನೇ ಮೊದಲು ಬರೆಯುತ್ತೇನೆ. ಕೊಟ್ಟಿಗೆಯ ಅಟ್ಟದಿಂದ ಕಾಯಿ ಬಿದ್ದು ನಮ್ಮ ಆಳು ದೊಡ್ಡಯ್ಯನ ಹೆಗಲ ಮೂಳೆ ಮುರಿಯಿತು ಎಂದು ನೀನು ಹೇಳಿದ್ದನ್ನು ನಾನು ನಂಬಿಲ್ಲ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿನ್ನ ಫೋನು ಸದಾ ಸ್ಪೀಕರಿನಲ್ಲಿರುತ್ತದೆ, ಪಕ್ಕದಲ್ಲಿ ಅವ್ವ ಇರುತ್ತಾಳೆ, ನೀನು ‘ಊ’ ಬಿಟ್ಟು ಬೇರೆ ಮಾತಾಡುವುದಿಲ್ಲ. ಹತ್ತು ವರ್ಷದ ನನ್ನನ್ನು ಅಪ್ಪ ಹಾಸನದ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದಾಗ ವಾರಕ್ಕೊಂದು ಪತ್ರ ಬರೆಯುತ್ತಿದ್ದವನು ನೀನೇ. ಎಮ್ಮೆ ಸತ್ತದ್ದನ್ನು ಮನೆಯವರೆಲ್ಲ ಮುಚ್ಚಿಟ್ಟಾಗ ನೀನೊಬ್ಬ ಬರೆದಿದ್ದೆ. ಅದಕ್ಕೇ ಈಗಲೂ ಕಾಗದದಲ್ಲೇ ಕೇಳುತ್ತಿದ್ದೇನೆ.

ದೊಡ್ಡಯ್ಯನಿಗೆ ಪೆಟ್ಟಾದದ್ದು ಜೂನ್ ಹತ್ತನೇ ತಾರೀಖು, ಮಂಗಳವಾರ. ನಾನು ಶನಿವಾರ ಹೋಗಿ ನೋಡಿದೆ. ಚನ್ನರಾಯಪಟ್ಟಣದ ಆಸ್ಪತ್ರೆ ನಮ್ಮೂರಿಗೆ ಅರ್ಧ ಗಂಟೆಯ ದಾರಿ. ಅದನ್ನು ಬಿಟ್ಟು ನೀನು ಹೊಳೆನರಸೀಪುರದ ಆಚೆ ಮೂಳೆ ಕಟ್ಟುವವರ ಜಗಲಿಯ ಮೇಲೆ ಅವನನ್ನು ಮಲಗಿಸಿದ್ದೆ. ಆಸ್ಪತ್ರೆಯಲ್ಲಾದರೆ ಹೇಗಾಯಿತು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮೂಳೆ ಕಟ್ಟುವವರು ಕೇಳುವುದಿಲ್ಲ.

ನಾನು ಕೇಳಿದೆ.

“ಏನಾಯ್ತು ದೊಡ್ಡಯ್ಯ?”

“ಕಾಯಿ ಬಿತ್ತು ಚಿಕ್ಕವ್ವಾರೇ.”

“ಒಂದೇ ಕಾಯಿಗೆ ಇಷ್ಟಾಯ್ತಾ?”

“ಕಾಯಿ ಅಂದ್ಮೇಲೆ ಕೆಳಕ್ ಬೀಳ್ತದೆ ಕಣವ್ವ, ಮ್ಯಾಕೆ ಓದಾದಾ?”

ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ಪಕ್ಕದಲ್ಲಿ ಅವನ ಮಗಳು ಮಾನಸಾ ಗಂಜಿ ಆರಿಸುತ್ತಿದ್ದಳು. “ನಮ್ಮಪ್ಪ ಇದೊಂದ್ ಮಾತು ಬಿಟ್ಟು ಬ್ಯಾರೇನೂ ಏಳಾಕಿಲ್ಲ ಕಣಕ್ಕ, ಕಲಿಸಿದ ಗಿಳಿ ಅಂಗೆ,” ಎಂದಳು. ಅವನನ್ನು ಅರಕಲಗೂಡಿನ ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದೂ ಹೇಳಿದಳು. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಮುರಿದದ್ದು ಎಡ ಹೆಗಲ ಮೂಳೆ. ಪಕ್ಕೆಯಲ್ಲಿ ಪೆಟ್ಟು, ಸೊಂಟ ಕಪ್ಪಗಾಗಿತ್ತು, ಬೆನ್ನ ತುಂಬ ಉದ್ದುದ್ದ ಗೀರು. ಒಂದು ಕಾಯಿ ನಾಲ್ಕು ಕಡೆ ಬೀಳುವುದಿಲ್ಲ. ನಿನ್ನ ಬಲಗೈ ಗೆಣ್ಣುಗಳಿಗೂ ಬಟ್ಟೆ ಸುತ್ತಿತ್ತು. ನಾನು ಅದನ್ನು ನೋಡುತ್ತಿದ್ದಂತೆ ನೀನು ಕೈಯನ್ನು ಪಂಚೆಯ ಮಡಿಕೆಗೆ ಸೇರಿಸಿದೆ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ನನಗೆ ಹದಿನೈದು, ನಿನಗೆ ಹತ್ತೊಂಬತ್ತು. ಕಾಯಿ ಕದ್ದವನೊಬ್ಬನನ್ನು ನೀನು ಮರಕ್ಕೆ ಒರಗಿಸಿ ಕಾಯಿ ಕೀಳುವ ದೋಟಿ ಕೋಲಿನಲ್ಲಿ ಹೊಡೆದೆ. ನಾನು ಮಹಡಿಯ ಕಿಟಕಿಯಲ್ಲಿದ್ದೆ. ನೀನು ತಲೆ ಎತ್ತಿ ನನ್ನನ್ನು ನೋಡಿದೆ. ನೋಡಿದ ಮೇಲೂ ಎರಡು ಏಟು ಹಾಕಿದೆ. ಆ ಕಳ್ಳನ ಬೆನ್ನಿನ ಗೀರುಗಳು ನನಗೆ ಹೊಳೆನರಸೀಪುರದ ಜಗಲಿಯ ಮೇಲೆ ನೆನಪಾದವು.

ಬರೆಯುತ್ತಿರುವಾಗಲೇ ಧನ್ಯಾ ಬಿಸಿ ಹಾಲಿನ ಪಾತ್ರೆಯನ್ನು ತಂದು ಊಟದ ಮೇಜಿನ ಮೇಲೆ ಇಟ್ಟಳು. ನೀನು ಕೊಟ್ಟ ಹಲಸಿನ ಹಲಗೆಯ ಮೇಜು. ಏಳು ವರ್ಷವಾದರೂ ಬಿಸಿ ತಾಗಿದರೆ ಅದರಿಂದ ಕೊಬ್ಬರಿಯ ವಾಸನೆ ಏಳುತ್ತದೆ. ನೀವೆಲ್ಲ ಪಕ್ಕದಲ್ಲೇ ಇದ್ದಂತಾಗುತ್ತದೆ. ಇಂಥ ಪತ್ರವನ್ನು ಅದರ ಮೇಲಿಟ್ಟು ಬರೆಯಲು ಕಷ್ಟವಾಯಿತು.

ನಿನ್ನ ತಂಗಿ,
ಅನು

*

9 ಜುಲೈ 2025

ಚಿ. ಸೌ. ಅನುಶ್ರೀಗೆ ಅಣ್ಣ ಅರುಣ್‌ಕುಮಾರ್ ಬರೆಯುವುದು.

ಪತ್ರ ಬಂತು. ಯಾರದು ಎಂದು ಅವ್ವ ಕೇಳಿದ್ದಕ್ಕೆ ಕರೆಂಟ್ ಬಿಲ್ಲು ಎಂದೆ. ಷಾಕ್ ಹೊಡೆಯುವುದರಲ್ಲಿ ಎರಡೂ ಒಂದೇ.

ಕಾಯಿ ಬಿತ್ತು. ಅವನಿಗೆ ಪೆಟ್ಟಾಯಿತು. ಹೊಳೆನರಸೀಪುರಕ್ಕೆ ಹೋದದ್ದು ಅವನ ಹಠ. “ಆಸ್ಪತ್ರೇಲಿ ಮೂಳೆಗೆ ಕಬ್ಣ ಜಡೀತಾರೆ ಗೌಡ್ರೇ, ನಾ ಬರಾಕಿಲ್ಲ” ಎಂದು ಗಾಡಿಯಲ್ಲೇ ಕೂಗಾಡಿದ. ಬೇಕಾದರೆ ಅವನನ್ನೇ ಕೇಳು. ನನ್ನ ಕೈ ತಗಡಿಗೆ ತಾಗಿ ಕಿತ್ತುಹೋಯಿತು.

ಆ ಕಳ್ಳನಿಗೆ ಹೊಡೆದದ್ದು ನಿಜ. ನೀನು ಕಿಟಕಿಯಲ್ಲಿದ್ದದ್ದೂ ನಿಜ. ಇಪ್ಪತ್ತೊಂಬತ್ತು ವರ್ಷ ಇದನ್ನು ಇಟ್ಟುಕೊಂಡಿದ್ದೀಯಲ್ಲ, ನಾವು ಕೊಬ್ಬರಿಯನ್ನೂ ಅಷ್ಟು ದಿನ ಅಟ್ಟದಲ್ಲಿ ಇಡುವುದಿಲ್ಲ.

ಹಬ್ಬಕ್ಕೆ ಕಾಯಿ ಬೇಕಾದರೆ ತಿಳಿಸು, ಕಳಿಸುತ್ತೇನೆ. ಅನುಮಾನ ನಮ್ಮ ತೋಟದಲ್ಲಿ ಬೆಳೆಯುವುದಿಲ್ಲ. ಅದನ್ನು ಅಲ್ಲೇ ಹಾಸನದ ಮಾರ್ಕೆಟ್ಟಿನಲ್ಲಿ ತೆಗೆದುಕೊಂಡಿರಬೇಕು.

ಅಣ್ಣ

*

ಹಾಸನ
20 ಜುಲೈ 2025, ಭಾನುವಾರ

ಅಣ್ಣ,

ನಿನ್ನ ತಮಾಷೆಯನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ, ನೀನು ಪತ್ರದಲ್ಲಿ ಇಷ್ಟು ತಮಾಷೆ ಮಾಡುವವನಲ್ಲ ಅನ್ನಿಸಿತು.

ಈ ವಾರ ಪಿಯುಸಿ ಮಕ್ಕಳಿಗೆ ಮೊಮೆಂಟಮ್ ಪಾಠ ಮಾಡಿದೆ. ಕನ್ನಡ ಮೀಡಿಯಮ್ಮಿನಿಂದ ಬಂದವರು ಸಂವೇಗ ಎನ್ನುತ್ತಾರೆ. ನಾನು ಇಂಗ್ಲಿಷಿನಲ್ಲಿ ಕಲಿತವಳು, ನನ್ನ ಬಾಯಿಗೆ ಆ ಪದ ಬರುವುದಿಲ್ಲ. ವಸ್ತುವಿನ ತೂಕ ಎಷ್ಟು, ಅದು ಎಷ್ಟು ವೇಗದಲ್ಲಿ ಬರುತ್ತಿದೆ, ಎರಡನ್ನೂ ಗುಣಿಸಿದರೆ ಅದು ತರುವ ಪೆಟ್ಟಿನ ಬಂಡವಾಳ ಎಷ್ಟೆಂದು ತಿಳಿಯುತ್ತದೆ. ಆ ಬಂಡವಾಳ ಎಷ್ಟು ಹೊತ್ತಿನಲ್ಲಿ ಖರ್ಚಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಕಲ್ಲಿನ ಮೇಲೆ ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಖರ್ಚಾಗುತ್ತದೆ, ಮುರಿಯುತ್ತದೆ. ಹುಲ್ಲಿನ ಮೇಲೆ ಬಿದ್ದರೆ ನಿಧಾನವಾಗಿ ಖರ್ಚಾಗುತ್ತದೆ, ಉಳಿಯುತ್ತದೆ.

ಮಕ್ಕಳಿಗೆ ನಾನು ಹೇಳಿಕೊಡುವ ಮೊದಲ ಹೆಜ್ಜೆ ಒಂದೇ. ಸೂತ್ರಕ್ಕೆ ಕೈ ಹಾಕುವ ಮುನ್ನ, ಬೀಳುತ್ತಿರುವ ವಸ್ತು ಯಾವುದೆಂದು ಒಂದು ಸಾಲು ಬರೆಯಿರಿ. ಮನೆಗೆ ಬಂದು ನಾನೂ ಬರೆದೆ: ಒಂದು ತೆಂಗಿನಕಾಯಿ, ಮಟ್ಟೆ ಸಮೇತ, ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗಿದ್ದು.

ಯುಗಾದಿಗೆ ಅವ್ವ ಅಂಥವು ನಾಲ್ಕು ಕೊಟ್ಟಿದ್ದಳು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉಂಡೆ ಕಟಕಟ ಎನ್ನುತ್ತದೆ. ನೀರೆಲ್ಲ ಇಂಗಿದೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ, ಐನೂರ ನಲವತ್ತು ಗ್ರಾಂ. ಮರದಿಂದ ಹೊಸದಾಗಿ ಕೆಡವಿದ ಕಾಯಾದರೆ ಇದರ ಎರಡೂವರೆ ಪಟ್ಟು ಇರುತ್ತಿತ್ತು. ಅಟ್ಟದ ಎತ್ತರ ಹನ್ನೊಂದು ಅಡಿ. ಚಿಕ್ಕವರಿದ್ದಾಗ ನೀನೇ ಹಗ್ಗ ಇಳಿಬಿಟ್ಟು ಅಳೆದಿದ್ದೆ. ದೊಡ್ಡಯ್ಯನ ಹೆಗಲು ನೆಲದಿಂದ ಐದಡಿ. ಕಾಯಿ ಬೀಳಲು ಉಳಿದದ್ದು ಆರಡಿ. ಅಷ್ಟರಲ್ಲಿ ಅದರ ವೇಗ ಸೆಕೆಂಡಿಗೆ ಆರು ಮೀಟರು. ಗುಣಿಸಿದರೆ ಮೂರೂಕಾಲು. ನಮ್ಮ ಕಾಲೇಜಿನ ಹುಡುಗಿಯರು ಎಸೆಯುವ ಕ್ರಿಕೆಟ್ ಚೆಂಡಿನಷ್ಟು. ಚೆಂಡು ಗಟ್ಟಿ, ಕಾಯಿಗೆ ಮೆತ್ತನೆಯ ಮಟ್ಟೆಯಿದೆ.

ಕಾಗದದ ಲೆಕ್ಕವನ್ನು ನಂಬಬಾರದು ಎಂದು, ನೀನು ನಗಬೇಡ, ಇನ್ನೊಂದು ಮಾಡಿದೆ. ನಾನು ನೆಲದ ಮೇಲೆ ಕೂತೆ. ಧನ್ಯಾ ಊಟದ ಮೇಜನ್ನು ಹತ್ತಿ ನಿಂತಳು. ಅವಳ ಕೈಗೂ ನನ್ನ ಹೆಗಲಿಗೂ ಆರಡಿ. ಅವಳು ಮೊದಲು ಮೇಜು ಮುರಿದರೆ ಎಂದು ಹೆದರಿದಳು. “ಅದರ ಮೇಲೆ ಹತ್ತು ಜನ ನಿಂತರೂ ಏನೂ ಆಗಲ್ಲ, ಬಿಡು,” ಎಂದೆ.

“ಅಮ್ಮ, ಇದು ಫಿಸಿಕ್ಸಾ, ಪ್ರಾಯಶ್ಚಿತ್ತಾನಾ?”

“ಬಿಡು ಅಂದ್ನಲ್ಲ.”

ಬಿಟ್ಟಳು. ನೋವಾಯಿತು. ಮಾರನೆಯ ದಿನ ಅಂಗೈಯಗಲ ನೀಲಿಗಟ್ಟಿತು. ಸ್ಟಾಫ್ ರೂಮಿನಲ್ಲಿ ಬಾಗಿಲು ತಾಗಿತು ಎಂದೆ. ನನ್ನ ಮೂಳೆಗೆ ಏನೂ ಆಗಲಿಲ್ಲ.

ದೊಡ್ಡಯ್ಯನಿಗೆ ಅರವತ್ತು ದಾಟಿದೆ, ಅವನ ಮೂಳೆ ನನ್ನದರಷ್ಟು ಗಟ್ಟಿಯಿಲ್ಲ ಎಂದು ನನಗೆ ನಾನೇ ವಾದ ಮಾಡಿದೆ. ಹೆಗಲಿಗೆ ಆ ಉತ್ತರ ಸಾಕಾಗಬಹುದು. ಪಕ್ಕೆಗೆ? ಸೊಂಟಕ್ಕೆ? ಬೆನ್ನಿನ ಗೀರಿಗೆ? ಅಷ್ಟು ಕಡೆ ಮುಟ್ಟಬೇಕಾದರೆ ಕಾಯಿಗಿಂತ ಕೋಲು ಸರಿಹೋಗುತ್ತದೆ.

ಮೂವತ್ತು ವರ್ಷ ನಮ್ಮ ಕೊಟ್ಟಿಗೆಯಲ್ಲಿ ಕಾಯಿಗಳನ್ನು ಒಂದೊಂದಾಗಿ ಕಿವಿಗಿಟ್ಟು ಕೇಳಿದವನು ಅವನು. ಅವನ ಮೇಲೆ ಕೈ ಮಾಡಿದ್ದರೆ ಹೇಳು. ದೀಪಾವಳಿಯವರೆಗೆ ಕಾಯುತ್ತೇನೆ. ಆಮೇಲೆ ಅವನನ್ನು ಠಾಣೆಗೆ ಕರೆದುಕೊಂಡು ಹೋಗುವವಳು ನಾನೇ.

ಅನು

*

ಹಾಸನ
31 ಆಗಸ್ಟ್ 2025, ಭಾನುವಾರ

ಅಣ್ಣ,

ಉತ್ತರ ಬರಲಿಲ್ಲ. ಗೌರಿ ಹಬ್ಬದ ಬಾಗಿನ ಬಂತು, ಬಸ್ಸಿನಲ್ಲಿ. ಕಂಡಕ್ಟರು ಫೋನ್ ಮಾಡಿ, “ಮೇಡಂ, ನಿಮ್ಮ ತವರುಮನೆ ಬಂದದೆ, ಸ್ಟ್ಯಾಂಡಿಗೆ ಬಂದು ಇಳಿಸ್ಕಳಿ” ಎಂದ. ಮದುವೆಯಾದ ಮೇಲೆ ನೀನು ಕೈಯಾರೆ ತಂದುಕೊಡದ ಮೊದಲ ಬಾಗಿನ. ಮೊರದ ಅಂಚಿಗೆ ದಾರ ಕಟ್ಟಿದ್ದ ಗಂಟು ನಿನ್ನದೇ. ಬಿಚ್ಚಲು ಹತ್ತು ನಿಮಿಷ ಬೇಕಾಯಿತು.

ಹದಿನೈದನೇ ತಾರೀಖು ಕಾಲೇಜಿನ ಬಾವುಟ ಮುಗಿಸಿ ನೇರ ಊರಿಗೆ ಬಂದಿದ್ದೆ. ಅವ್ವ ಹೇಳಿರಬೇಕು. ನೀನು ತೋಟದಿಂದ ಬರಲೇ ಇಲ್ಲ. ಕೊಟ್ಟಿಗೆಗೆ ಬೀಗ ಬಿದ್ದಿತ್ತು. ಅಪ್ಪನ ಕಾಲದಿಂದ ಅದರ ಚಿಲಕಕ್ಕೆ ಇದ್ದದ್ದು ಒಂದು ಕಡ್ಡಿ.

“ಬೀಗ ಯಾಕವ್ವ?”

“ಕಾಯಿ ಕಳ್ರು ಜಾಸ್ತಿ ಆಗವ್ರೆ ಅಂತ ನಿಮ್ಮಣ್ಣ ಆಕವ್ನೆ.”

“ಕೀ ಕೊಡು, ನೋಡ್ತೀನಿ.”

“ಅವನ ಉಡದಾರದಲ್ಲಿ ಅದೆ. ನೀರು ಉಯ್ಕಳಾಕೂ ಬಿಚ್ಚಾಕಿಲ್ಲ. ಅದೇನ್ ನಿಧಿ ಇಟ್ಟವ್ನೋ.”

ಬಾಗಿಲ ಸಂದಿಗೆ ಕಣ್ಣಿಟ್ಟೆ. ಒಳಗೆ ಮೇಲಿನಿಂದ ಬೆಳಕು ಬೀಳುತ್ತಿತ್ತು, ಒಂದು ಚಾಪೆಯಷ್ಟು ಅಗಲ. ಅಟ್ಟದ ತುಂಬ ಕಾಯಿ ಇದ್ದರೆ ಹೆಂಚಿನ ಬೆಳಕು ಕೆಳಗೆ ಇಳಿಯಬಾರದು. ಕಾಯಿ ಒಣಗಿ ಕಟಕಟ ಎನ್ನುವ ಮೊದಲೇ ಅಟ್ಟ ಖಾಲಿ ಮಾಡಿದೆಯಾ? ಯಾರ ಕಣ್ಣಿಗೆ ಏನು ಬೀಳಬಾರದೆಂದು?

ಬಸ್ಸಿಗೆ ಕಾಯುವಾಗ ಅಂಗಡಿ ಕೆಂಪಣ್ಣ ಸಿಕ್ಕಿದ. ನಾನೇನೂ ಕೇಳಲಿಲ್ಲ. ಅವನೇ, “ನಿಮ್ಮಣ್ಣ ಒಡುದ್ರು ಅಂತ ಮಾತಾಡ್ಕತಾರೆ. ನಾ ಕಂಡಿಲ್ಲ ಬುಡವ್ವ. ಕಾಣದ್ದ ಏಳಬಾರದು,” ಎಂದ. ಕಾಣದ್ದನ್ನು ಹೇಳಬಾರದೆಂದು ಹೇಳುತ್ತಲೇ ಹೇಳಿಬಿಟ್ಟ. ಅವನ ಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ, ನಾನು ಮಾಡುತ್ತಿರುವುದೂ ಅದನ್ನೇ ಅಲ್ಲವೇ ಅನ್ನಿಸಿತು. ಆದರೂ ಆ ಬೆಳಕು ಕಣ್ಣಿನಿಂದ ಹೋಗುತ್ತಿಲ್ಲ.

ಮಾನಸಾಳಿಗೂ ಒಂದು ಪತ್ರ ಬರೆದಿದ್ದೇನೆ, ಲೆಕ್ಕವನ್ನೂ ಸೇರಿಸಿ. ನಿನಗೆ ತಿಳಿಯದಂತೆ ಏನನ್ನೂ ಮಾಡಬಾರದೆಂದು ಇದನ್ನು ತಿಳಿಸುತ್ತಿದ್ದೇನೆ.

ಅನು

*

14 ಸೆಪ್ಟೆಂಬರ್ 2025

ಅನು,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಪೋಸ್ಟ್‌ಮ್ಯಾನ್ ಓದಿದರೂ ಓದಲಿ.

ಠಾಣೆಗೆ ಹೋಗುವುದಾದರೆ ಹೋಗು. ನಾನೇ ಹೊಡೆದೆ ಎಂದುಕೊಂಡರೆ ನಿನಗೆ ಸಮಾಧಾನವಾಗುವುದಾದರೆ ಹಾಗೇ ಅಂದುಕೋ, ಬೇಕಾದರೆ ಬರೆದುಕೊಡುತ್ತೇನೆ. ಊರಿನವರು ಹೇಗೂ ಹಾಗೇ ಅಂದುಕೊಂಡಿದ್ದಾರೆ, ಇನ್ನೊಬ್ಬಳು ಸೇರಿದರೆ ಭಾರವಾಗುವುದಿಲ್ಲ.

ಕೊಟ್ಟಿಗೆಯ ತಂಟೆಗೆ ಮಾತ್ರ ಬರಬೇಡ. ಬಾಗಿನದಲ್ಲಿದ್ದ ಸೀರೆ ನಿಮ್ಮತ್ತಿಗೆ ಆರಿಸಿದ್ದು. ಬಣ್ಣ ಹಿಡಿಸದಿದ್ದರೆ ಅವಳಿಗೆ ಹೇಳು, ನನಗಲ್ಲ.

ಅಣ್ಣ

*

ಅರಕಲಗೂಡು
8 ಅಕ್ಟೋಬರ್ 2025

ಚಿಕ್ಕವ್ವಾರಿಗೆ ದೊಡ್ಡಯ್ಯ ಮಾಡೋ ನಮಸ್ಕಾರ.

ನಾ ಏಳ್ತಾವ್ನಿ, ಮಾನಸಾ ಬರೀತಾವ್ಳೆ. ಏಳ್ದಂಗೇ ಬರಿ, ಚೆಂದ ಮಾಡಬ್ಯಾಡ ಅಂದಿವ್ನಿ.

ದೀಪಾವಳಿ ಕಳೀತಲೇ ಟೇಸನ್‌ಗೆ ಕರ್ಕೊಂಡು ಓಯ್ತೀನಿ ಅಂತ ಬರೆದಿದ್ರಂತೆ. ಬ್ಯಾಡಿ ಕಣವ್ವ. ಗೌಡ್ರು ನನ್ನ ಒಡೀಲಿಲ್ಲ. ಸುಮ್ಕಿರಾನ ಅಂತಲೇ ಇದ್ದೆ. ಮಾಡದ ತಪ್ಪಿಗೆ ಒಬ್ರು ಟೇಸನ್ ಮೆಟ್ಲು ಅತ್ತೋದು ನೋಡ್ಕಂಡು ನಾ ಎಂಗೆ ಮುದ್ದೆ ನುಂಗಾನ?

ಅವತ್ತು ಒತ್ತಾರೆ ಎಂಟು ಗಂಟೆ. ಅಟ್ಟದ ಮ್ಯಾಲೆ ಕುಂತ್ಕಂಡು ಕಾಯಿ ಅಲ್ಲಾಡಿಸ್ತಿದ್ದೆ. ಗೌಡ್ರು ಕೆಳಗಿದ್ರು. “ದೊಡ್ಡಯ್ಯ, ಮಟ್ಟೆ ರಾಸಿ ಎತ್ತಾಕು ಅಂದು ವಾರ ಆಯ್ತಲ್ಲೋ, ಸೋಮಾರಿ” ಅಂದ್ರು. “ಎತ್ತಾನ ಬುಡಿ, ಅದೇನು ಅನ್ನ ಕೇಳ್ತದಾ” ಅಂದೆ. ಅಷ್ಟ್ರಲ್ಲಿ ಕೆಳಗಿನ ಬಿದಿರ ದಬ್ಬೆ ಲಟಕ್ ಅಂತು. ಬಿದ್ದೋನು ನಾನು ಚಿಕ್ಕವ್ವಾರೇ. ನನ್ನಿಂದೆ ಕಾಯೂ ಬಿದ್ದೋ, ಇನ್ನೂರೋ ಮುನ್ನೂರೋ. ನೀವು ಒಂದು ಕಾಯ ತಕ್ಕಡೀಲಿ ಇಟ್ಟು ತೂಗಿ, ಮೈ ಮ್ಯಾಲೂ ಬೀಳಿಸ್ಕಂಡ್ರಂತೆ. ಮಾನಸಾ ಓದಿದಾಗ ನಗು ಬಂದು ಪಕ್ಕೆ ನೋಯ್ತು. ಇಸ್ಕೂಲ್ ಓದಿದೋರು ಕೇಳೋದ ಬಿಟ್ಟು ತೂಗ್ತಾರೆ.

ಎತ್ತದೇ ಇದ್ದ ಮಟ್ಟೆ ರಾಸಿ ಮ್ಯಾಲೇ ಬಿದ್ದೆ. ಎತ್ತಿದ್ರೆ ಈ ಕಾಗದ ಬರೆಸಾಕೆ ನಾ ಇರ್ತಿರ್ಲಿಲ್ಲ. ಎಗಲು ಮಾತ್ರ ಒನಕೆ ಕಲ್ಲಿಗೆ ಬಡೀತು. ಮುರಿದ ದಬ್ಬೆ ಬೆನ್ನ ಗೀರ್ಬುಡ್ತು. ಗೌಡ್ರು ದಬ್ಬೆ ಕಾಯಿ ಎಲ್ಲಾ ಬರಿಗೈಲಿ ಕಿತ್ತು ಕಿತ್ತು ಎಸೆದು ನನ್ನ ಈಚೆಗೆ ಎಳ್ಕಂಡ್ರು. ಅವರ ಗೆಣ್ಣು ಕಿತ್ತೋಗಿದ್ದು ಅಂಗೆ.

ದಬ್ಬೆಗೆ ಉಳ ಬಿದ್ದವೆ ಅಂತ ಯುಗಾದೀಲೇ ಏಳಿದ್ದೆ. ಈ ಸಲದ ಕಾಯಿ ಇಳಿಸ್ಬುಟ್ಟು ಮಾಡಿಸಾನ ಅಂದ್ರು. ಅದು ಅವರ ತಪ್ಪೇ, ಅವರ ಮುಖದ ಮ್ಯಾಲೇ ಅಂದಿವ್ನಿ. ಅಂದಾಗೆಲ್ಲ ನೆಲ ನೋಡ್ತಾರೆ.

ಅಂಗಾದ್ರೆ ಸುಳ್ಯಾಕೆ ಅಂತೀರ. ಮಟ್ಟೆ ಮ್ಯಾಲೆ ನನ್ನ ಮಲಗಿಸ್ಕಂಡು ಗೌಡ್ರು ಏಳಿದ್ದು ಒಂದೇ ಮಾತು: “ಅಟ್ಟ ಮುರೀತು ಅಂದ್ರೆ ಯಾಕೆ ಮುರೀತು ಅಂತ ಅನು ಕೇಳ್ತಾಳೆ. ಕಾಯಿ ಬಿತ್ತು ಅಂದ್ಬುಡು.” ನಾನೂ ಊ ಅಂದೆ. ಅಲಸಿನ ಅಲಗೆ ಇದ್ದಾಗ ಆ ಅಟ್ಟದ ಮ್ಯಾಲೆ ನಾವು ನಾಕು ಜನ ಕುಂತು ಇಟ್ಟುಣ್ತಿದ್ವಿ. ಆ ಅಲಗೆನ ಟೆಂಪೋಗೆ ಏರಿಸ್ದೋನೂ ನಾನೇ, ನಿಮ್ಮ ಒಸ ಮನೆ ಬಾಗಿಲಲ್ಲಿ ಇಳಿಸ್ದೋನೂ ನಾನೇ. ಇನ್ನು ಏಳಾಕಿಲ್ಲ.

ಎಡಗೈ ಎದೆ ಮಟ್ಟಕ್ಕೆ ಬತ್ತದೆ, ಮ್ಯಾಕೆ ಓಗಾಕಿಲ್ಲ. ಕಾಯಿ ಅಲ್ಲಾಡಿಸಾಕೆ ಒಂದು ಕೈ ಒಂದು ಕಿವಿ ಇದ್ರೆ ಸಾಕು. ಮಗಳ ಮನೇಲಿ ಕುಂತು ಕುಂತು ಸಾಕಾಗದೆ. ಅಟ್ಟ ಗಟ್ಟಿ ಆದ್ರೆ ಬತ್ತೀನಿ. ದಬ್ಬೆ ಅಟ್ಟಕ್ಕೆ ಮಾತ್ರ ಅತ್ತಾಕಿಲ್ಲ.

ದೊಡ್ಡಯ್ಯನ ಹೆಬ್ಬೆಟ್ಟು

ಅಕ್ಕ, ಅಪ್ಪ ಹೇಳಿದ್ದನ್ನೇ ಬರೆದಿದ್ದೇನೆ. ಹಲಗೆಯ ವಿಷಯವನ್ನು ಅಳಿಸು ಎಂದು ಆಮೇಲೆ ಹೇಳಿದರು. ನಾನು ಅಳಿಸಲಿಲ್ಲ.
ಮಾನಸಾ

*

ಹಾಸನ
2 ನವೆಂಬರ್ 2025, ಭಾನುವಾರ

ಅಣ್ಣ,

ಇದನ್ನು ನೆಲದ ಮೇಲೆ ಕೂತು, ಮಣೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಓರೆಯಾದರೆ ಓದಿಕೋ.

ದೊಡ್ಡಯ್ಯನ ಪತ್ರ ಬಂದು ಮೂರು ವಾರಕ್ಕೂ ಹೆಚ್ಚಾಯಿತು. ನಿನಗೆ ಅದರ ವಿಷಯ ಗೊತ್ತೋ ಇಲ್ಲವೋ ತಿಳಿಯದು. ದೀಪಾವಳಿಯ ದಿನ ಫೋನ್ ಮಾಡಿದಾಗ ನೀನು ‘ಊ’ ಎಂದೆ, ನಾನೂ ‘ಊ’ ಎಂದೆ, ಅವ್ವ ಇಬ್ಬರಿಗೂ ಗಂಟಲು ಕಟ್ಟಿದೆಯಾ ಎಂದಳು.

ಲೆಕ್ಕವನ್ನು ಮತ್ತೆ ಮಾಡಿದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಮೊದಲ ಸಾಲಿನಲ್ಲಿ. ಬೀಳುತ್ತಿರುವ ವಸ್ತು ಯಾವುದು ಎಂಬಲ್ಲಿ ನೀನು ಹೇಳಿದ್ದನ್ನೇ ಬರೆದುಕೊಂಡಿದ್ದೆ. ನಿನ್ನ ಮಾತನ್ನು ನಂಬಿಲ್ಲ ಎಂದು ನಾಲ್ಕು ತಿಂಗಳು ಬರೆದವಳು, ಅದರಲ್ಲಿ ಸುಳ್ಳಾಗಿದ್ದ ಆ ಒಂದು ಪದವನ್ನು ಮಾತ್ರ ನಂಬಿದ್ದೆ.

ದೊಡ್ಡಯ್ಯನ ತೂಕ ಐವತ್ತೆರಡು ಕೆಜಿ ಇರಬಹುದು. ಹನ್ನೊಂದು ಅಡಿ ಬೀಳುವಷ್ಟರಲ್ಲಿ ಸೆಕೆಂಡಿಗೆ ಎಂಟು ಮೀಟರು. ಗುಣಿಸಿದರೆ ನಾನೂರ ಹದಿನಾರು. ನನ್ನ ಕಾಯಿಗಿಂತ ನೂರ ಇಪ್ಪತ್ತೆಂಟು ಪಟ್ಟು. ಎತ್ತದೆ ಬಿಟ್ಟಿದ್ದ ಆ ಮಟ್ಟೆಯ ರಾಶಿ ಅದನ್ನು ನಿಧಾನವಾಗಿ ಖರ್ಚು ಮಾಡಿತು. ನೀನು ಸೋಮಾರಿ ಎಂದು ಬೈದಾಗ ಅವನು ಎದ್ದುಹೋಗಿ ಎತ್ತಿದ್ದರೆ, ಮುಂದೆ ಕಲ್ಲಿನ ನೆಲ. ಅದನ್ನೂ ಲೆಕ್ಕ ಹಾಕಿದೆ. ಬರೆಯುವುದಿಲ್ಲ.

ಬೀಳುವ ವಸ್ತುವನ್ನು ಭೂಮಿ ಎಳೆಯುವ ಹಾಗೆಯೇ ವಸ್ತುವೂ ಭೂಮಿಯನ್ನು ಎಳೆಯುತ್ತದೆ, ಎರಡಕ್ಕೂ ಅಷ್ಟಷ್ಟೇ ಮೊಮೆಂಟಮ್ ಎಂದು ಪ್ರತಿ ವರ್ಷ ಹೇಳಿಕೊಡುತ್ತೇನೆ. ಹಾಗಾದರೆ ಭೂಮಿ ಯಾಕೆ ಮೇಲೆ ಬರುವುದಿಲ್ಲ ಮೇಡಂ ಎಂದು ಯಾರಾದರೊಬ್ಬರು ಕೇಳುತ್ತಾರೆ. ಬರುತ್ತದೆ, ತುಂಬ ದೊಡ್ಡದಾದ್ದರಿಂದ ಗೊತ್ತಾಗುವುದಿಲ್ಲ ಎನ್ನುತ್ತೇನೆ. ಜೂನ್ ಹತ್ತರ ಬೆಳಿಗ್ಗೆ ಎಂಟು ಗಂಟೆಗೆ ನಾನು ಆ ಮೇಜಿನ ಮುಂದೆ ಕೂತು ಇಡ್ಲಿ ತಿನ್ನುತ್ತಿದ್ದೆ. ನನಗೇನೂ ಗೊತ್ತಾಗಲಿಲ್ಲ.

ಆ ಹಲಗೆಗಳನ್ನು ಕೇಳಿದವಳು ನಾನು. ಮನೆ ಕಟ್ಟಿಸುತ್ತಿದ್ದಾಗ ಒಂದು ಭಾನುವಾರ ಅಟ್ಟ ಹತ್ತಿ, “ಇಷ್ಟು ಚೆಂದದ ಮರ ಕಾಯಿ ಕೆಳಗೆ ಹಾಳಾಗ್ತಿದೆಯಲ್ಲಣ್ಣ,” ಎಂದೆ. ನೀನು ಹಲಗೆಯನ್ನೊಮ್ಮೆ ತಟ್ಟಿ, “ತಗೊಂಡೋಗು. ಕಾಯಿಗೆ ದಬ್ಬೆ ಸಾಕು,” ಎಂದೆ. ಕಾಯಿಗೆ ಸಾಕು ಎಂದೆ ನೀನು. ಅಟ್ಟದ ಮೇಲೆ ಕಾಯಿಯೊಂದೇ ಇರುವುದಿಲ್ಲ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ತಾತ ಹಲಸಿನ ಹಲಗೆ ಹಾಸಿದ್ದು ಅದು ಹೊಳೆದಿದ್ದರಿಂದಲೇ ಇರಬೇಕು.

ಬಿಸಿ ಪಾತ್ರೆ ಇಟ್ಟಾಗಲೆಲ್ಲ ಆ ಮರ ಕೊಬ್ಬರಿಯ ವಾಸನೆ ಬಿಡುತ್ತಿತ್ತು. ಅದು ಎಲ್ಲಿಯ ಮರ ಎಂದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಅದರ ಜಾಗದಲ್ಲಿ ಈಗ ಏನಿದೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಬಾಗಿಲ ಸಂದಿನಲ್ಲಿ ಚಾಪೆಯಷ್ಟು ಬೆಳಕು ಕಂಡಾಗಲೂ ಕೇಳಲಿಲ್ಲ. ನೀನು ಹೊಡೆದಿರಬೇಕು ಎಂದುಕೊಳ್ಳುವುದು ನನಗೆ ಎಷ್ಟು ಸಲೀಸಾಗಿತ್ತು ಎಂದು ನೆನೆದರೆ ನನ್ನ ಮೇಲೇ ಅನುಮಾನ ಬರುತ್ತದೆ.

ನಿನ್ನ ಮೇಲಿನದೂ ಪೂರ್ತಿ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ದಬ್ಬೆಗೆ ಹುಳು ಬಿದ್ದಿದೆ ಎಂದು ಅವನು ಯುಗಾದಿಗೇ ಹೇಳಿದ್ದ. ನೀನು ಅವನನ್ನು ಮತ್ತೆ ಹತ್ತಿಸಿದೆ. ಹಾಗಾದರೆ ಕಾಯಿ ಬಿತ್ತು ಎಂದು ಮುಚ್ಚಿಟ್ಟದ್ದು ನನಗೆ ನೋವಾಗಬಾರದೆಂದೋ, ನಿನ್ನ ತಪ್ಪು ಕಾಣಬಾರದೆಂದೋ? ಊರವರು ಹೊಡೆದವನು ಎಂದರೂ ತುಟಿ ಬಿಚ್ಚಲಿಲ್ಲವಲ್ಲ, ಅದಕ್ಕಾದರೂ ನಿನ್ನನ್ನು ನಂಬಬೇಕು ಅನ್ನಿಸುತ್ತದೆ. ಉತ್ತರ ಬೇಡ. ಎರಡೂ ಇರಬಹುದು. ನನ್ನಲ್ಲೂ ಎರಡೂ ಇವೆ.

ನಿನ್ನೆ ಬಡಗಿ ಗಿಡ್ಡಯ್ಯನನ್ನು ಕರೆಸಿ ಮೇಜು ಬಿಚ್ಚಿಸಿದೆ. “ಇಂಥಾ ಮೇಜ್ನ ಯಾರಾನಾ ಬಿಚ್ಚುಸ್ತಾರಾ, ನಾ ಈ ಪಾಪ ಮಾಡಾಕಿಲ್ಲ” ಎಂದು ಅರ್ಧ ಗಂಟೆ ಬೀಡಿ ಸೇದಿಕೊಂಡು ಕೂತಿದ್ದ. ಎಲ್ಲಿಗೆ ಹೋಗುತ್ತದೆ ಎಂದು ಹೇಳಿದ ಮೇಲೆ ಒಂದು ಮೊಳೆಯೂ ಬಗ್ಗದಂತೆ ಬಿಚ್ಚಿದ. ನೀನು ಕೊಟ್ಟದ್ದು ಹನ್ನೊಂದು ಹಲಗೆ. ಮೇಜಿನವು ಆರು, ಉದ್ದ ಹಾಗೇ ಇದೆ. ಉಳಿದ ಐದನ್ನು ದೇವರ ಮನೆಯ ಬಾಗಿಲಿಗೆಂದು ಕೊಯ್ಯಿಸಿಬಿಟ್ಟಿದ್ದೆವು, ಅವು ಇನ್ನು ಅಟ್ಟಕ್ಕೆ ಬರಲಾರವು. ದೊಡ್ಡಯ್ಯ ಕೂರುವಷ್ಟು ಜಾಗಕ್ಕೆ ಆರು ಸಾಕಾಗುತ್ತದೆ. ಕಾಯಿಯ ಕೆಳಗೆ ಏನು ಹಾಸುತ್ತೀಯೋ ನಿನಗೆ ಬಿಟ್ಟದ್ದು. ಹಲಗೆಯ ಅಡಿಯಲ್ಲಿ ತಾತ ಸುಣ್ಣದಲ್ಲಿ ಹಾಕಿದ ಗುರುತು ಈಗಲೂ ಇದೆ, ಯಾವುದರ ಪಕ್ಕ ಯಾವುದು ಎಂದು. ಏಳು ವರ್ಷ ನಾವು ಅದರ ಮೇಲ್ಮುಖವನ್ನು ಮಾತ್ರ ಒರೆಸಿದ್ದೇವೆ.

ಬುಧವಾರ ಲಗೇಜ್ ಆಟೋದವನು ಹಲಗೆಗಳನ್ನು ತಂದು ನಿನ್ನ ಅಂಗಳದಲ್ಲಿ ಇಳಿಸುತ್ತಾನೆ. ಮೊದಲೇ ತಿಳಿಸಿದರೆ ನೀನು ಬೇಡ ಎನ್ನುತ್ತೀಯ. ನೀನು ಬೇಡ ಎಂದರೆ ನಾನು ಒಪ್ಪಿಕೊಂಡುಬಿಡುತ್ತೇನೋ ಎಂಬ ಭಯ ನನಗಿದೆ. ಆದ್ದರಿಂದ ಮೊದಲು ಮರ ಬರಲಿ, ಆಮೇಲೆ ಕಾಗದ. ಅಟ್ಟ ಸಿದ್ಧವಾದ ದಿನ ಅರಕಲಗೂಡಿಗೆ ಹೋಗಿ ದೊಡ್ಡಯ್ಯನನ್ನು ನೀನೇ ಕರೆದುಕೊಂಡು ಬಾ, ಬಸ್ಸಿನಲ್ಲಿ ಕಳಿಸಿಕೊಳ್ಳಬೇಡ. ಅವನು ಹತ್ತುವ ಮುಂಚೆ ನಾವಿಬ್ಬರೂ ಒಮ್ಮೆ ಹತ್ತಿ ಕೂತು ನೋಡೋಣ.

ಬೀಗ ತೆಗೆದಿರು.

ಅನು

ಅಂಚೆಗೆ ಹಾಕುವುದು: ಗುರುವಾರ, 6 ನವೆಂಬರ್ 2025